ಬೀಗ ಹಾಕಿದ ಶುಂಠಿ

ನಮ್ಮ ಮನೆಯಲ್ಲಿ ಬಂಗಾರಕ್ಕೆ ಬೀಗ ಇತ್ತೋ ಇಲ್ಲವೋ ತಿಳಿಯದು, ಶುಂಠಿಗಂತೂ ಇತ್ತು. ದೊಡ್ಡಮ್ಮನ ಕೋಣೆಯ ಮೂಲೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ. ಅದರೊಳಗೆ ಬಜೆ, ಅಳಲೆಕಾಯಿ, ಜಾಯಿಕಾಯಿ, ಹಿಪ್ಪಲಿ, ಓಮ, ಕಲ್ಲುಸಕ್ಕರೆ. ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ ಒಣಶುಂಠಿಯೂ ಅಲ್ಲೇ. ಕೀಲಿಕೈ ದೊಡ್ಡಮ್ಮನ ಸೊಂಟದಲ್ಲಿ. ಬೀಗ ಕಲ್ಲುಸಕ್ಕರೆಯ ದೆಸೆಯಿಂದ ಎಂದು ನಾವು ಮಕ್ಕಳು ತಿಳಿದಿದ್ದೆವು. ಆದರೆ ದೊಡ್ಡವರು ಬಂದು ಕೇಳಿದರೂ ಶುಂಠಿ ಸಲೀಸಾಗಿ ಹೊರಬರುತ್ತಿರಲಿಲ್ಲ. "ಯಾರಿಗೆ? ಏನಾಗಿದೆ? ನಿನ್ನೆ ಏನು ತಿಂದಿದ್ರು? ಹೊಟ್ಟೆ ಕಟ್ಟಿದ್ಯೋ, ಹೋಗ್ತಾ ಇದ್ಯೋ?" ವಿಚಾರಣೆ ಮುಗಿಯದೆ ಕೀಲಿ ತಿರುಗುವುದಿಲ್ಲ. ಎಷ್ಟೋ ಸಲ ವಿಚಾರಣೆ ಮುಗಿದ ಮೇಲೂ ತಿರುಗುತ್ತಿರಲಿಲ್ಲ.

ತೀರ್ಥಹಳ್ಳಿ ಕಡೆಯ ಕೂಡುಕುಟುಂಬ, ಎಪ್ಪತ್ತರ ದಶಕ. ಶುಂಠಿ ಎಂದರೆ ಹಿತ್ತಲಿನ ಎರಡು ಏರುಮಡಿ, ಅಷ್ಟೆ. ಮೊದಲ ಮಳೆ ಬಿದ್ದ ಮೇಲೆ ಮೊಳಕೆಗಣ್ಣಿರುವ ತುಂಡುಗಳನ್ನು ನೆಟ್ಟು, ಮೇಲೆ ಹಸಿಸೊಪ್ಪು ಹೊದಿಸುವುದು. ದೀಪಾವಳಿ ಹೊತ್ತಿಗೆ ಬುಡ ಕೆದಕಿದರೆ ಅಡುಗೆಗೆ ಸಾಲುವಷ್ಟು ಎಳೆಶುಂಠಿ ಸಿಗುತ್ತಿತ್ತು. ಒಣಗಿಸುವುದಕ್ಕೆ ಮಾತ್ರ ಬಲಿತದ್ದೇ ಬೇಕು. ಎಂಟು ತಿಂಗಳು ಕಳೆದು, ಎಲೆಯೆಲ್ಲ ಹಳದಿಯಾಗಿ ನೆಲಕ್ಕೊರಗಿದ ಮೇಲೆ ಅಗೆತ. ಸಿಪ್ಪೆ ಕೆರೆಯಲು ದೊಡ್ಡಮ್ಮ ಚಾಕು ಮುಟ್ಟಗೊಡುತ್ತಿರಲಿಲ್ಲ, ಬಿದಿರಿನ ಚೂಪು ಸೀಳೇ ಆಗಬೇಕು. ಕಬ್ಬಿಣ ತಾಗಿದರೆ ಶುಂಠಿ ಕಪ್ಪಾಗುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಪರಿಮಳದ ಎಣ್ಣೆ ತುಂಬಿದ ಕೋಶಗಳು ಸಿಪ್ಪೆಯ ಕೆಳಗೇ ಇರುತ್ತವೆ, ಆಳವಾಗಿ ಕೆತ್ತಿದರೆ ಸಿಪ್ಪೆಯ ಜೊತೆ ಅವೂ ಹೋಗುತ್ತವೆ ಎನ್ನುವುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಆಮೇಲೆ ವಾರ, ಹತ್ತು ದಿನ ಅಂಗಳದ ಬಿಸಿಲು. ಐದು ಸೇರು ಹಸಿ ಒಣಗಿ ಒಂದು ಸೇರಿಗೆ ಇಳಿಯುತ್ತಿತ್ತು. ಆ ಲೆಕ್ಕ ನೋಡಿದರೆ ಬೀಗ ಅತಿಯೇನಲ್ಲ.

ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಒಣಶುಂಠಿ ಬೆಳ್ಳಗೆ, ನೋಡಲು ಲಕ್ಷಣವಾಗಿರುತ್ತಿತ್ತು. ದೊಡ್ಡಮ್ಮ ಅದನ್ನು ಉಗುರಿನಿಂದ ಕೆರೆದು, ಬಿಳಿಪುಡಿ ಉದುರಿಸಿ ತೋರಿಸಿ, "ಇದು ಎಲೆ ಅಡಿಕೆಗೆ ಆಗ್ತದೆ" ಎನ್ನುತ್ತಿದ್ದರು. ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದ ಸರಕು ಅದು. ಹುಳ ಹಿಡಿಯದಿರಲಿ, ಬಣ್ಣ ಚೆನ್ನಾಗಿರಲಿ ಎಂದು ವ್ಯಾಪಾರದಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ.

ಹಸಿ ಮತ್ತು ಒಣ ಅವರ ಮಟ್ಟಿಗೆ ಎರಡು ಬೇರೆ ಬೇರೆ ವಸ್ತು. ಅಜೀರ್ಣ, ಓಕರಿಕೆ, ಬಾಯಿರುಚಿ ಕೆಟ್ಟದ್ದು, ಇವಕ್ಕೆ ಹಸಿ. ಕಟ್ಟಿದ ಕಫ, ಬಾಣಂತಿಯ ಮದ್ದು, ತಲೆನೋವಿನ ಪಟ್ಟಿಗೆ ಒಣ. ಒಂದಿಲ್ಲದಿದ್ದರೆ ಇನ್ನೊಂದು ಎನ್ನುವ ಮಾತಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಅಣ್ಣ ಇದನ್ನು ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿದ್ದ. ಅವನ ಶಾಸ್ತ್ರವೇ ದೊಡ್ಡಮ್ಮನ ಕಡೆಗಿತ್ತು. ಹಸಿಶುಂಠಿಯ ಖಾರ ಹೆಚ್ಚಾಗಿ ಜಿಂಜರಾಲ್ ಎಂಬ ವಸ್ತುವಿನದು. ಒಣಗುವಾಗ ಅದರಲ್ಲೊಂದು ಪಾಲು ಶೋಗಾಲ್ ಆಗಿ ಬದಲಾಗುತ್ತದೆ, ಅದು ಇನ್ನೂ ಖಾರ. ಬೇಯಿಸಿದರೆ ಜಿಂಜರೋನ್ ಹುಟ್ಟಿಕೊಳ್ಳುತ್ತದೆ, ಅದು ಸೌಮ್ಯ. ಒಂದೇ ಗಡ್ಡೆ, ಹಸಿಯಾಗಿ ಒಂದು, ಒಣಗಿ ಇನ್ನೊಂದು, ಒಲೆಯ ಮೇಲೆ ಮತ್ತೊಂದು.

ತಲೆನೋವಿನ ಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಣಶುಂಠಿಯನ್ನು ತೇಯುವ ಕಲ್ಲಿನ ಮೇಲೆ ನೀರು ಬಿಟ್ಟು ತೇಯ್ದು ಹಣೆಗೆ ಬಳಿಯುತ್ತಿದ್ದರು. ಉರಿಯೆಂದರೆ ಉರಿ, ಮೊದಲಿದ್ದ ನೋವು ಮರೆತೇ ಹೋಗಬೇಕು. ಚಿಕ್ಕಪ್ಪ ಅದನ್ನು ಔಷಧಿ ಎನ್ನುತ್ತಿರಲಿಲ್ಲ, ಶಿಕ್ಷೆ ಎನ್ನುತ್ತಿದ್ದ. ಬಿಸಿ ತಾಗಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳ ತುದಿಯನ್ನೇ ಶುಂಠಿಯ ಖಾರವೂ ಎಬ್ಬಿಸುತ್ತದೆ, ಮೆಣಸಿನಕಾಯಿ ಮಾಡುವುದೂ ಅದನ್ನೇ. ಹಾಗಾಗಿ ಚಿಕ್ಕಪ್ಪನ ವ್ಯಾಖ್ಯಾನ ತೀರ ತಪ್ಪೇನಲ್ಲ.

ಅಮ್ಮನ ತವರು ಘಟ್ಟದ ಕೆಳಗೆ, ಹೆಬ್ರಿಯ ಹತ್ತಿರ. ಬೇಸಿಗೆ ರಜೆಗೆ ಹೋಗಬೇಕೆಂದರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯಬೇಕು. ಸಣ್ಣ ಬಸ್ಸು, ಕಾಲಡಿಯಲ್ಲಿ ಯಾರದ್ದೋ ಹಲಸಿನ ಹಣ್ಣು, ಡೀಸೆಲ್ ವಾಸನೆ. ಆಗುಂಬೆ ಪೇಟೆ ದಾಟುವ ಮೊದಲೇ ನನ್ನ ಬಾಯಲ್ಲಿ ನೀರೂರಲು ಶುರು. ಕಿಟಕಿ ಪಕ್ಕದ ಸೀಟು ನನಗೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದು ಪ್ರೀತಿಯಿಂದಲ್ಲ, ಉಳಿದವರ ಬಟ್ಟೆ ಉಳಿಸಲಿಕ್ಕೆ.

ಹೊರಡುವ ಬೆಳಿಗ್ಗೆ ದೊಡ್ಡಮ್ಮ ಹಸಿಶುಂಠಿಯನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಸವರಿ, ಎರಡು ಹನಿ ನಿಂಬೆರಸ ಹಿಂಡಿ, ಬಾಳೆಲೆಯ ಚೂರಿನಲ್ಲಿ ಮಡಿಸಿ ಕೊಡುತ್ತಿದ್ದರು. ಜೊತೆಗೆ ಕಟ್ಟಪ್ಪಣೆ: "ಬಸ್ಸು ಹತ್ತೋಕೆ ಮೊದಲೇ ದವಡೆಗೆ ಇಟ್ಕೋ. ಸಂಕಟ ಶುರುವಾದ ಮೇಲೆ ತಿಂದ್ರೆ ಶುಂಠಿನೂ ಹೊರಗೆ, ದೋಸೆನೂ ಹೊರಗೆ." ಒಂದು ಬಿಲ್ಲೆ ಖಾರ ಕಳೆದುಕೊಂಡ ಮೇಲೆ ಇನ್ನೊಂದು. ಒಟ್ಟು ಸೇರಿಸಿದರೂ ಹೆಬ್ಬೆರಳಿನ ಗಾತ್ರ ಮೀರುವಂತಿಲ್ಲ.

ಪೂರ್ತಿ ಗುಣವಾಯಿತು ಎಂದರೆ ಸುಳ್ಳಾಗುತ್ತದೆ. ಸಂಕಟ ಇದ್ದೇ ಇತ್ತು, ತಲೆ ತಿರುಗುವುದೂ ಇತ್ತು. ಆದರೆ ಕೈಕಾಲು ತಣ್ಣಗೆ ಬೆವರುವುದು ಮತ್ತು ಹೊಟ್ಟೆಯಲ್ಲಿದ್ದದ್ದು ಹೊರಗೆ ಬರುವುದು ಕಡಿಮೆಯಾಯಿತು. ಈ ಅರೆಬರೆ ಫಲವನ್ನು ನಾನು ಯಾರಿಗೂ ಹೇಳಿಕೊಂಡವಳಲ್ಲ, ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ದೊಡ್ಡವಳಾದ ಮೇಲೆ 1988ರ ಒಂದು ಡ್ಯಾನಿಶ್ ಅಧ್ಯಯನದ ವಿವರ ಕಣ್ಣಿಗೆ ಬಿತ್ತು. ಕಡಲ ಯಾನ ಅಭ್ಯಾಸವಿಲ್ಲದ 80 ನೌಕಾ ಕೆಡೆಟ್‌ಗಳಲ್ಲಿ ಕೆಲವರಿಗೆ ಒಂದು ಗ್ರಾಂ ಶುಂಠಿಪುಡಿ, ಉಳಿದವರಿಗೆ ಸುಮ್ಮನೆ ಸಪ್ಪೆ ಪುಡಿ. ಶುಂಠಿ ತಿಂದವರಲ್ಲಿ ವಾಂತಿ ಮತ್ತು ತಣ್ಣನೆಯ ಬೆವರು ಸ್ಪಷ್ಟವಾಗಿ ತಗ್ಗಿತ್ತು. ಸಂಕಟ, ತಲೆಸುತ್ತು ಸ್ವಲ್ಪ ಕಡಿಮೆ ಎನಿಸಿದರೂ ಲೆಕ್ಕಕ್ಕೆ ಹಿಡಿಯುವಷ್ಟು ಅಲ್ಲ. ಓದಿ ನಗು ಬಂತು. ಹೆಬ್ರಿ ಬಸ್ಸಿನ ಕಿಟಕಿ ಪಕ್ಕದ ಸೀಟಿನ ವರದಿಯೂ ಇದೇ ಆಗಿತ್ತಲ್ಲ!

ಹಾಗೆಂದು ವಿಜ್ಞಾನ ದೊಡ್ಡಮ್ಮನಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟಿತು ಎಂದು ಕುಣಿಯಬೇಕಿಲ್ಲ. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ತಿರುಗುವ ಕುರ್ಚಿಯಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಪ್ರಯಾಣದ ವಾಂತಿಯ ಮಾತ್ರೆಗಿಂತ ಶುಂಠಿಯೇ ಮೇಲೆಂದು ಕಂಡಿತ್ತು. 1991ರ ಇನ್ನೊಂದು ಪ್ರಯೋಗದಲ್ಲಿ ಅಂಥ ಗುಣವೇನೂ ಕಾಣಲಿಲ್ಲ. ನನಗೆ ಅನಿಸುವುದು, ಶುಂಠಿ ಕೆಲಸ ಮಾಡುವುದು ಮುಖ್ಯವಾಗಿ ಹೊಟ್ಟೆಯಲ್ಲಿ. ಜಠರದಲ್ಲಿ ನಿಂತದ್ದನ್ನು ಮುಂದಕ್ಕೆ ಸಾಗಿಸುತ್ತದೆ. ಕಿವಿಯೊಳಗಿನ ಸಮತೋಲ ತಪ್ಪಿದ್ದನ್ನು ಅದು ಹೇಗೆ ಸರಿಮಾಡೀತು? ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ಶುಂಠಿಗೆ ಆ ತೊಂದರೆಯಿಲ್ಲ. ಘಾಟಿಯಲ್ಲಿ ನಿದ್ದೆ ಬರುವುದೇ ಲೇಸು ಎನ್ನುವವರಿಗೆ ಮಾತ್ರೆಯೇ ಸರಿ.

ದೊಡ್ಡಮ್ಮ ಆಸ್ಪತ್ರೆ ವಿರೋಧಿಯೇನೂ ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಈಗ ಹಳೆಯ ಕಾಲದ ಹೆಂಗಸರನ್ನು ನೆನೆಸಿಕೊಳ್ಳುವವರು ಅವರ ಕೈಗೆ ಒಂದು ಸೊಪ್ಪು, ಒಂದು ಬೇರು ಕೊಟ್ಟು ಮಂದಹಾಸ ಬೀರುವಂತೆ ನಿಲ್ಲಿಸುತ್ತಾರೆ. ನಮ್ಮ ದೊಡ್ಡಮ್ಮ ಹೆಚ್ಚು ನಗುತ್ತಿರಲಿಲ್ಲ, ಸರಕಾರಿ ಆಸ್ಪತ್ರೆಯ ಮಿಕ್ಸ್ಚರ್ ಎಂದರೆ ಬಲು ನಂಬಿಕೆ. ಮನೆಯಿಂದಲೇ ತೊಳೆದ ಬಾಟ್ಲಿ ಒಯ್ಯಬೇಕು. ಕಾಂಪೌಂಡರು ಅದಕ್ಕೆ ಔಷಧಿ ತುಂಬಿ, ಕಾಗದದ ಪಟ್ಟಿಯ ಅಂಚನ್ನು ಕತ್ತರಿಯಿಂದ ಕಚ್ಚು ಮಾಡಿ, ಬಾಟ್ಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಕಚ್ಚು, ಒಂದು ಹೊತ್ತಿನ ಔಷಧಿ. ಒಮ್ಮೆ ನನ್ನ ಹೊಟ್ಟೆನೋವಿಗೆ ತಂದ ಮಿಕ್ಸ್ಚರಿನ ಮುಚ್ಚಳ ತೆಗೆದು ಮೂಸಿದವರೇ ದೊಡ್ಡಮ್ಮ ಹುಬ್ಬೇರಿಸಿದರು. "ಇದರಲ್ಲಿ ಶುಂಠಿ ಉಂಟಲ್ಲೇ! ಏಲಕ್ಕಿನೂ ಇದ್ಯಪ್ಪ." ಮುಂದಿನ ಸಲ ಕಾಂಪೌಂಡರ ಹತ್ತಿರ ಕೇಳಿಕೊಂಡು ಬಾ ಎಂದು ಚಿಕ್ಕಪ್ಪನಿಗೆ ತಾಕೀತಾಯಿತು. ಕಾಂಪೌಂಡರು ನಕ್ಕು, ಹೌದು ಎಂದರಂತೆ. ಅಡುಗೆ ಸೋಡಾದ ಜೊತೆ ಶುಂಠಿ, ಏಲಕ್ಕಿಯ ಟಿಂಕ್ಚರು ಬೆರೆಸುವುದು ಆಗಿನ ಹೊಟ್ಟೆ ಮಿಕ್ಸ್ಚರುಗಳ ಮಾಮೂಲು ಪಾಕ. ಬ್ರಿಟಿಷ್ ಫಾರ್ಮಾಕೋಪಿಯಾದಲ್ಲೇ ಶುಂಠಿ ಟಿಂಕ್ಚರಿಗೆ ಜಾಗವಿತ್ತು.

ಆ ದಿನದಿಂದ ದೊಡ್ಡಮ್ಮನಿಗೆ ಡಾಕ್ಟರ ಮೇಲಿನ ಗೌರವ ಹೆಚ್ಚಿತು. ಕಚ್ಚಿನ ಕಾಗದ ಇನ್ನೂ ಹಿಡಿಸಿತು. "ನೋಡು, ಅವರೂ ಅಳತೆ ಮಾಡೇ ಕೊಡ್ತಾರೆ" ಎಂದು ಎದುರಾದವರಿಗೆಲ್ಲ ಹೇಳಿದರು. ಮಕ್ಕಳ ಕೆಮ್ಮು ಮೂರು ದಿನ ದಾಟಿದರೆ, ಉಸಿರಿಗೆ ಪಕ್ಕೆ ಒಳಸೆಳೆದರೆ, ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ಗಾಡಿ ಕಟ್ಟಲು ಹೇಳುತ್ತಿದ್ದವರೂ ಅವರೇ.

ಅವರ ನಿಜವಾದ ವಿದ್ಯೆ ಯಾರಿಗೆ ಕೊಡಬಾರದು ಎನ್ನುವುದರಲ್ಲಿತ್ತು. ಚಳಿ ಹಿಡಿದು ಮೈ ನಡುಗುವವರಿಗೆ ಕಷಾಯದಲ್ಲಿ ಶುಂಠಿ ಬೀಳುತ್ತಿತ್ತು. ಮೈ ಕಾದು ಅಂಗಾಲು ಸುಡುತ್ತಿದ್ದರೆ ಇಲ್ಲ, ಬರೀ ಕೊತ್ತಂಬರಿ ಜೀರಿಗೆ. ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಸುರಿಯುವ ಹುಡುಗನೊಬ್ಬ ನಮ್ಮಲ್ಲಿದ್ದ. ಅವನ ತಟ್ಟೆಗೆ ಶುಂಠಿ ತಂಬುಳಿಯೂ ಬೀಳುವಂತಿರಲಿಲ್ಲ, ಅವನಿಗೆ ಬೇರೆಯೇ ಒಂದೆಲಗದ ತಂಬುಳಿ. ಮುಟ್ಟು ಹೆಚ್ಚು ಹೋಗುವವರಿಗೆ, ಮೂಲವ್ಯಾಧಿಯಲ್ಲಿ ರಕ್ತ ಬೀಳುವವರಿಗೆ, ಮೈಮೇಲೆ ಹುಣ್ಣು ಎದ್ದವರಿಗೆ, ಎದೆ ಉರಿಯುವವರಿಗೆ ಇಲ್ಲ, ಇಲ್ಲ, ಇಲ್ಲ. ಜಿಪುಣಿ ಎಂದು ನೆರೆಹೊರೆಯಲ್ಲಿ ಹೆಸರು ಬಂದಿತ್ತು.

ಅವರಿಗೆ ಸಂಸ್ಕೃತ ಬರುತ್ತಿರಲಿಲ್ಲ. ಕನ್ನಡವನ್ನೂ ಬೆರಳಿಟ್ಟು ಓದುತ್ತಿದ್ದವರು. ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಹಸಿಶುಂಠಿಯ ಭಾಗ ಓದುವಾಗ ನಾನು ಬೆಚ್ಚಿಬಿದ್ದೆ. ಊಟಕ್ಕೆ ಮೊದಲು ಉಪ್ಪಿನೊಡನೆ ಶುಂಠಿ ತಿಂದರೆ ಹಸಿವು ಹೆಚ್ಚುತ್ತದೆ, ನಾಲಿಗೆ ಗಂಟಲು ಶುದ್ಧವಾಗುತ್ತದೆ ಎಂಬ ಹೊಗಳಿಕೆ ಎಲ್ಲರಿಗೂ ಗೊತ್ತು, ಮದುವೆಯೂಟದ ಎಲೆಯ ತುದಿಗೆ ಶುಂಠಿ ಬರುವುದು ಆ ನಂಬಿಕೆಯಿಂದಲೇ. ಅದರ ಬೆನ್ನಿಗೇ ಇನ್ನೊಂದು ಪಟ್ಟಿಯಿದೆ. ಚರ್ಮರೋಗ, ರಕ್ತಹೀನತೆ, ಉರಿಮೂತ್ರ, ರಕ್ತಸ್ರಾವ, ಗಾಯ, ಜ್ವರ, ಉರಿ, ಇವಿದ್ದಾಗ ಬೇಡ. ಬೇಸಿಗೆಯಲ್ಲೂ ಶರತ್ಕಾಲದಲ್ಲೂ ಬೇಡ. ಹೊಗಳಿಕೆಯನ್ನು ಎಲ್ಲರೂ ಎತ್ತಿ ಆಡುತ್ತಾರೆ, ಈ ಪಟ್ಟಿಯನ್ನು ಆಡುವವರು ಕಡಿಮೆ. ಅದು ಅಡುಗೆಮನೆಯಿಂದ ಅಡುಗೆಮನೆಗೆ ದಾಟಿ ಬಂದು ನಮ್ಮ ಮನೆಯ ಕೀಲಿಗೊಂಚಲಿಗೆ ಹೇಗೆ ಸೇರಿತೋ.

ಅವರು ಹೇಳಿದ್ದೆಲ್ಲ ಸರಿ ಎನ್ನಲಾರೆ. ಬಾಣಂತನದ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ. ತುಪ್ಪದಲ್ಲಿ ಹುರಿದ ಶುಂಠಿಪುಡಿ, ಬೆಲ್ಲ, ಕಾಳುಮೆಣಸು ಸೇರಿದ ಬಾಣಂತಿ ಖಾರ ಬಾಯಿಗೆ ಹಿತವಾಗೇ ಇರುತ್ತದೆ. ಆದರೆ ಖಾರವನ್ನು ಉಣಿಸಿ, ಬಾಗಿಲು ಮುಚ್ಚಿ, ಬೆಚ್ಚಗೆ ಹೊದಿಸಿ, ಕುಡಿಯಲು ನೀರು ಕೇಳಿದರೆ "ಶೀತ ಆಗ್ತದೆ" ಎಂದು ಅರ್ಧ ಲೋಟ ಕೊಡುವುದು ಯಾವ ನ್ಯಾಯ? ಹಾಲುಣಿಸುವವಳಿಗೆ ಬೇಕಾದದ್ದೇ ನೀರು. ಅಕ್ಕ ರಾತ್ರಿ ಎದ್ದು ಬಚ್ಚಲಿನ ಹಂಡೆಯಿಂದ ಬೊಗಸೆಯಲ್ಲಿ ಕುಡಿದಳಂತೆ. ಅಳತೆ ತಿಳಿದ ದೊಡ್ಡಮ್ಮನಿಗೆ ಆ ಅಳತೆ ತಪ್ಪಿತು.

ಅದೇ ಅಕ್ಕ ಬಸುರಿಯಾಗಿದ್ದಾಗ ಮಾತ್ರ ಬೇರೆ ಕಥೆ. ಬೆಳಿಗ್ಗೆ ಎದ್ದರೆ ವಾಂತಿ, ಅನ್ನದ ವಾಸನೆಗೆ ವಾಂತಿ. ಪಕ್ಕದ ಮನೆಯವರು ಶುಂಠಿ ಉಷ್ಣ, ಬಸುರಿಗೆ ಕೊಟ್ಟರೆ ಗರ್ಭ ನಿಲ್ಲುವುದಿಲ್ಲ ಎಂದು ಹೆದರಿಸಿದರು. ದೊಡ್ಡಮ್ಮ ಅಂಗಳದಲ್ಲಿ ನಿಂತು ವಾದ ಮಾಡಿದರು. "ಕಷಾಯ ಕಾಸಿ ಕೊಡ್ತೀನಿ ಅಂದ್ನಾ? ಮಜ್ಜಿಗೆಯೊಳಗೆ ಇಷ್ಟೇ ಇಷ್ಟು." ತಂಬುಳಿಯಲ್ಲಿ, ಅದೂ ದಿನಕ್ಕೊಂದು ಸಲ, ಉಗುರಿನಷ್ಟು. ಈಗ ಹಲವು ದೇಶಗಳ ಹೆರಿಗೆ ತಜ್ಞರು ಬಸುರಿಯ ಓಕರಿಕೆಗೆ ಶುಂಠಿಯನ್ನೂ ಒಂದು ದಾರಿಯಾಗಿ ಒಪ್ಪುತ್ತಾರೆ. ಪ್ರಯೋಗಗಳಲ್ಲಿ ಬಳಸಿದ್ದು ಸಾಮಾನ್ಯವಾಗಿ ದಿನಕ್ಕೆ ಒಂದು ಗ್ರಾಂ ಪುಡಿಯ ಆಸುಪಾಸು. ಓಕರಿಕೆ ತಗ್ಗುತ್ತದೆ, ವಾಂತಿಯ ಮೇಲೆ ಅಷ್ಟು ಹಿಡಿತವಿಲ್ಲ. ಘಾಟಿ ಬಸ್ಸಿನ ಅನುಭವದ ತಿರುವುಮುರುವು! ದೇಹಕ್ಕೆ ಅದರದೇ ತರ್ಕ.

ಈಗ ಊರಿಗೆ ಹೋದರೆ ಶುಂಠಿ ಹಿತ್ತಲಿನಲ್ಲಿಲ್ಲ, ಗದ್ದೆಯಲ್ಲಿದೆ. ಭತ್ತ ಬೆಳೆದು ಸಾಕಾದವರು ವರ್ಷದ ಲೆಕ್ಕಕ್ಕೆ ಗದ್ದೆ ಬಿಟ್ಟುಕೊಡುತ್ತಾರೆ. ವಯನಾಡಿನ ಕಡೆಯಿಂದ ಬಂದ ಬೆಳೆಗಾರರು ಬಹಳ ವರ್ಷಗಳಿಂದ ಕೊಡಗು, ಮೈಸೂರು, ಹಾಸನ, ಶಿವಮೊಗ್ಗ ಜಿಲ್ಲೆಗಳಲ್ಲಿ ಹೀಗೆ ಶುಂಠಿ ಹಾಕುತ್ತ ಬಂದಿದ್ದಾರೆ. ಅವರನ್ನು ನೋಡಿ ನಮ್ಮವರೂ ಕಲಿತರು. ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ಹಾಕಿದರೆ ಕೊಳೆರೋಗ ಬಿಡುವುದಿಲ್ಲ, ಹಾಗಾಗಿ ಇವತ್ತು ಈ ಗದ್ದೆ, ನಾಳೆ ಮುಂದಿನ ಊರು. ಬಿತ್ತುವ ಗಡ್ಡೆಯನ್ನೇ ಮೊದಲು ಶಿಲೀಂಧ್ರನಾಶಕದ ನೀರಿನಲ್ಲಿ ಅರ್ಧ ಗಂಟೆ ಅದ್ದಿ ತೆಗೆಯುತ್ತಾರೆ. ಅದು ಶಿಫಾರಸಿನ ಪ್ರಕಾರವೇ. ಆಮೇಲೆ ಹೊಡೆಯುವುದರಲ್ಲಿ ಎಷ್ಟು ಶಿಫಾರಸು, ಎಷ್ಟು ಭಯ ಎಂದು ಹೇಳುವುದು ಕಷ್ಟ. 2023ರ ಮಳೆಗಾಲದಲ್ಲಿ 60 ಕಿಲೋ ಮೂಟೆಯ ಬೆಲೆ ಹತ್ತು ಸಾವಿರ ದಾಟಿದಾಗ ರಾತ್ರಿ ಟಾರ್ಚು ಹಿಡಿದು ಗದ್ದೆ ಕಾಯುವ ಸ್ಥಿತಿ ಬಂತು. ಚಿಕ್ಕಪ್ಪನ ಮಗ ಒಂದು ಎಕರೆ ಹಾಕಿದ್ದ. ನನಗೆ ಒಂದು ಚೀಲ ಕೊಡಲು ಹೊರಟವನು, "ಔಷಧಿಗೆ ಅಂತಾದ್ರೆ ಬೇಡ ಬಿಡು ಅಕ್ಕಾ, ಅಡುಗೆಗಾದ್ರೆ ಚೆನ್ನಾಗಿ ತೊಳೆದು ಹಾಕು" ಎಂದ. ಅವನ ಪ್ರಾಮಾಣಿಕತೆ ಮೆಚ್ಚಬೇಕಾದದ್ದೇ.

2020ರ ಬೇಸಿಗೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಯ ಫ್ಲಾಸ್ಕಿನಲ್ಲೂ ಕಷಾಯ. ಆಯುಷ್ ಸಚಿವಾಲಯದ ಸಲಹೆಯಲ್ಲಿ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿದ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಎಂದಿತ್ತು. ಜನ ಅದನ್ನು ನಾಲ್ಕೈದಕ್ಕೆ ಏರಿಸಿದರು. ಹೆದರಿಕೆಗೆ ಅಳತೆ ಎಲ್ಲಿಯದು? ಎದುರುಮನೆಯ ಯುವಕನಿಗೆ ಬಾಯಿಹುಣ್ಣು, ಮೇಲಿನ ಮನೆಯವರಿಗೆ ಎದೆಯುರಿ. ಅದು ಹೃದಯದ್ದೇ ಇರಬೇಕೆಂದು ರಾತ್ರಿಯೆಲ್ಲ ಗಾಬರಿ. ಸುಡುವ ಏಪ್ರಿಲ್ ತಿಂಗಳಿನಲ್ಲಿ, ಶಾಸ್ತ್ರವೇ ಬೇಡವೆಂದ ಋತುವಿನಲ್ಲಿ, ಶಾಸ್ತ್ರದ ಹೆಸರಿನಲ್ಲೇ ಇಡೀ ಕಟ್ಟಡ ಶುಂಠಿ ಕುಡಿಯುತ್ತಿತ್ತು.

ಇದರ ಜೊತೆ ಕುಟುಂಬದ ವಾಟ್ಸ್ಆ್ಯಪ್ ಗುಂಪು. ಶುಂಠಿ ಕಿಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ ಎಂಬ ಸಂದೇಶ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಶೋಗಾಲ್ ಸುರಿದು ನೋಡಿದ ಕೆಲಸವೊಂದು ಬಾಯಿಂದ ಬಾಯಿಗೆ ಹೋಗಿ ಹೀಗಾಗಿದೆ. ಅದು ಬಂದಾಗೆಲ್ಲ ನನಗೆ ಚಿಕ್ಕಪ್ಪನ ಮಗಳ ನೆನಪಾಗುತ್ತದೆ. ಅವಳು ಕಿಮೋ ತೆಗೆದುಕೊಳ್ಳುತ್ತಿದ್ದ ತಿಂಗಳುಗಳಲ್ಲಿ ನೀರು ಕುಡಿದರೂ ಓಕರಿಕೆ. ಕ್ಯಾನ್ಸರ್ ಡಾಕ್ಟರನ್ನೇ ಶುಂಠಿಯ ಬಗ್ಗೆ ಕೇಳಿದೆವು. ಅವರು ನಗಲಿಲ್ಲ. ವಾಂತಿಯ ಮಾತ್ರೆ ನಿಲ್ಲಿಸದೆ, ಅದರ ಜೊತೆಗೆ ಸ್ವಲ್ಪ ತೆಗೆದುಕೊಳ್ಳಬಹುದು, ರಕ್ತದ ಪ್ಲೇಟ್‌ಲೆಟ್ ಇಳಿದಿರುವಾಗ ಮಾತ್ರ ಬೇಡ ಎಂದರು. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ, ದಿನಕ್ಕೆ ಅರ್ಧದಿಂದ ಒಂದು ಗ್ರಾಂ ತಿಂದವರಿಗೆ ಮೊದಲ ದಿನದ ಓಕರಿಕೆ ತಗ್ಗಿತ್ತು. ಒಂದೂವರೆ ಗ್ರಾಂ ತಿಂದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ. ಶುಂಠಿ ಶುರು ಮಾಡಿಸಿದ್ದು ಕಿಮೋಗೆ ಮೂರು ದಿನ ಮೊದಲೇ. ಇದನ್ನು ಓದಿ ಹೇಳಿದಾಗ ಹಾಸಿಗೆಯಲ್ಲಿದ್ದವಳು, "ಬಸ್ಸು ಹತ್ತೋಕೆ ಮೊದಲೇ ದವಡೆಗೆ ಇಟ್ಕೋ" ಎಂದು ದೊಡ್ಡಮ್ಮನ ದನಿ ತೆಗೆದು ನಕ್ಕಳು.

ನಮ್ಮವರಿಗೆ ಹೃದಯದ ನಾಳದಲ್ಲಿ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಎರಡು ಬಗೆಯ ಮಾತ್ರೆ. ಡಾಕ್ಟರು ಅದೂ ಇದೂ ವಿಚಾರಿಸುತ್ತ, "ಕಷಾಯ, ಪುಡಿ, ಲೇಹ್ಯ ಏನಾದ್ರೂ ತಗೊಳ್ತೀರಾ?" ಎಂದರು. ಇವರು ಇಲ್ಲ ಎಂದು ತಲೆಯಾಡಿಸಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಒಂದು ಚಮಚ ಶುಂಠಿಪುಡಿ ಕದಡಿ ಕುಡಿಯುವುದನ್ನು ಅವರು ಔಷಧಿಯ ಲೆಕ್ಕಕ್ಕೇ ಸೇರಿಸಿರಲಿಲ್ಲ, ಸ್ನೇಹಿತರು ಹೇಳಿಕೊಟ್ಟ ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದರು. ನಾನು ಬಾಯಿಬಿಟ್ಟೆ. ಶುಂಠಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆಯೇ ಎಂಬುದರ ಬಗ್ಗೆ ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಒಂದೇ ಮಾತು ಹೇಳುವುದಿಲ್ಲ, ಆದರೂ ಈ ಮಾತ್ರೆಗಳ ಜೊತೆ ದಿನಾ ಅಷ್ಟು ಪುಡಿ ಏಕೆ ಬೇಕು, ನಿಲ್ಲಿಸಿ ಎಂದರು ಡಾಕ್ಟರು. ಅಡುಗೆಯಲ್ಲಿ ಬೀಳುವಷ್ಟಕ್ಕೆ ಅವರ ತಕರಾರಿರಲಿಲ್ಲ.

ಮನೆಗೆ ಬಂದು ಇವರು ಎರಡು ದಿನ ಮುಖ ಗಂಟು ಹಾಕಿಕೊಂಡರು. ಈಗ ವಾರಕ್ಕೊಂದೆರಡು ಸಲ ತಂಬುಳಿ ಮಾಡುತ್ತೇನೆ. ಜೀರಿಗೆ, ಎರಡು ಕಾಳುಮೆಣಸು, ಹಸಿಶುಂಠಿಯ ಸಣ್ಣ ತುಂಡನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ ಸಾಸಿವೆ ಒಗ್ಗರಣೆ. ಕುದಿಸುವುದಿಲ್ಲ. ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟ ಕೂಡಲೇ ಇವರದು ಅದೇ ದೂರು, ಶುಂಠಿ ಸಾಲದು ಎಂದು.